ನನ್ನ ಕುಂಭಕ ಮತ್ತು ಆರು ಅಡಿ ಪೈಪು

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ಗೂಟವಿದೆ. ಮೂವತ್ತೆಂಟು ವರ್ಷಗಳಿಂದ ಅದಕ್ಕೆ ಅಪ್ಪನ ಏಕತಾರಿ ತೂಗುತ್ತಿದೆ. ಈ ವರ್ಷದ ಯುಗಾದಿಯಿಂದ ಅದರ ಪಕ್ಕದಲ್ಲೇ ಆರು ಅಡಿ ಉದ್ದದ, ಬೂದಿ ಬಣ್ಣದ, ಎರೆಹುಳುವಿನ ಹಾಗೆ ಉಂಗುರ ಉಂಗುರವಾದ ಒಂದು ಪೈಪೂ ತೂಗುತ್ತದೆ. ಆಗಾಗ ಅದನ್ನು ತೊಳೆದು ಒಣಗಲು ಹಾಕಬೇಕು, ಬೇರೆ ಗೂಟ ಇಲ್ಲ. ಮನೆಗೆ ಬಂದವರು ಏಕತಾರಿಗೆ ಕೈಮುಗಿಯುತ್ತಾರೆ. ಆಮೇಲೆ ಕಣ್ಣು ಪೈಪಿನ ಮೇಲೆ ಬೀಳುತ್ತದೆ. ಇದಕ್ಕೂ ಮುಗಿಯಬೇಕೋ ಬೇಡವೋ ತಿಳಿಯದೆ ಕೈಗಳು ಅರ್ಧದಲ್ಲೇ ನಿಲ್ಲುತ್ತವೆ. ಮುಗಿದುಬಿಡಿ ಎಂದೇ ನಾನು ಹೇಳುತ್ತೇನೆ. ಹೇಗೂ ಕೈ ಮೇಲೆತ್ತಿರುತ್ತಾರೆ.

ಅದು ಏನೆಂದು ನಿಮಗೂ ಹೇಳಿಬಿಡಬೇಕು. ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಂತುಹೋಗುತ್ತದೆ. ಗಂಟಲಿನೊಳಗಿನ ಮಾಂಸ ಸಡಿಲಾಗಿ ಗಾಳಿಯ ದಾರಿಗೆ ಅಡ್ಡ ಮಲಗಿಬಿಡುತ್ತದಂತೆ. ನಾನು ಮಲಗಿದ ಮೇಲೆ ಅದೂ ಮಲಗಿದರೆ ತಪ್ಪೇನು ಎಂದು ಕೇಳಿದ್ದೆ. ಕಲಬುರಗಿಯ ವೈದ್ಯರು ನಗಲಿಲ್ಲ. ಆ ದಾರಿ ಮುಚ್ಚದ ಹಾಗೆ ಬೆಳಗಿನವರೆಗೆ ಗಾಳಿ ಒತ್ತುವ ಒಂದು ಪೆಟ್ಟಿಗೆ, ಪೆಟ್ಟಿಗೆಯಿಂದ ಹೊರಟ ಪೈಪು, ಪೈಪಿನ ತುದಿಗೆ ಮೂಗು ಮುಚ್ಚುವ ಮುಖವಾಡ, ಮುಖವಾಡ ಜಾರದಂತೆ ತಲೆಯ ಸುತ್ತ ಪಟ್ಟಿ. ಇಷ್ಟನ್ನೂ ಕಟ್ಟಿಕೊಂಡು ಮಲಗುವುದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ಹೊಲಿಗೆ ಕಲಿತದ್ದು ಎರಡೇ ತಿಂಗಳಲ್ಲಿ. ಅದು ನೀವು ಹೊಲಿದದ್ದು ನೋಡಿದರೇ ತಿಳಿಯುತ್ತದೆ ಎಂದು ನನ್ನ ಹೆಂಡತಿ ಮಲ್ಲಮ್ಮ ಹೇಳುತ್ತಾಳೆ.

ನನ್ನ ಹೆಸರು ಭೀಮರಾಯ. ಸೇಡಂ ಬಜಾರಿನಲ್ಲಿ ಒಂದು ಟೇಲರ್ ಅಂಗಡಿ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟನೆಂಬ ಅಪವಾದ ನನ್ನ ಮೇಲೆ ಮೊನ್ನೆ ಮೊನ್ನೆಯವರೆಗೂ ಇರಲಿಲ್ಲ. ಸೋಮವಾರ ಸಂಜೆ ಓಣಿಯ ಹಣಮಂದೇವರ ಗುಡಿಯಲ್ಲಿ ಭಜನೆ ನಡೆಯುತ್ತದೆ. ಅಲ್ಲಿ ಪೇಟಿ ನುಡಿಸುವವನು ನಾನು. ಹಾರ್ಮೋನಿಯಂ ಎಂದರೆ ನಮ್ಮ ಕಡೆ ಅರ್ಧ ಜನ ತಿರುಗಿ ನೋಡುವುದಿಲ್ಲ, ಆದ್ದರಿಂದ ಪೇಟಿ ಎಂದೇ ಬರೆಯುತ್ತೇನೆ.

ಉಸಿರಿನ ವಿಷಯಕ್ಕೆ ಬಂದರೆ ಕಾಗಿಣಾ ಹೊಳೆಯಿಂದ ಶುರು ಮಾಡಬೇಕು. ನಮ್ಮ ಹಳ್ಳಿ ಅದರ ದಂಡೆಯಲ್ಲೇ ಇದೆ. ಅಪ್ಪ ಹಗಲು ಬಲೆ ಬೀಸುತ್ತಿದ್ದ, ಸಂಜೆ ಏಕತಾರಿ ಹಿಡಿಯುತ್ತಿದ್ದ. ಆದರೆ ಸುತ್ತ ಹತ್ತು ಊರಿಗೆ ಅವನ ಹೆಸರಿದ್ದದ್ದು ಮುಳುಗುವುದಕ್ಕೆ. ಬಾವಿಗೆ ಕೊಡ ಬಿದ್ದರೆ, ಮಡುವಿನಲ್ಲಿ ಯಾರದೋ ಕಾಲುಂಗುರ ಜಾರಿದರೆ ಅಪ್ಪನಿಗೆ ಕರೆ ಬರುತ್ತಿತ್ತು. ಅಂಗಿ ಕಳಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದನೆಂದರೆ ದಂಡೆಯ ಮೇಲೆ ನಿಂತವರು ಬೀಡಿ ಹೊತ್ತಿಸಿ, ಸೇದಿ, ಕೆಲವರು ಇನ್ನೇನು ಅಳುವುದಕ್ಕೆ ಶುರು ಮಾಡುವ ಹೊತ್ತಿಗೆ ಮೇಲೆ ಬರುತ್ತಿದ್ದ. ಬಂದವನು ಮೊದಲು ಕೇಳುತ್ತಿದ್ದದ್ದು, ನನ್ನ ಅಂಗಿ ಒದ್ದೆ ಮಾಡೀಯೇನು ಎಂದು.

ಅಂಥವನ ಮಗ ನಾನು, ಉಸಿರು ಹಿಡಿಯಲು ಬಾರದವನು. ಅಪ್ಪ ನನ್ನನ್ನು ಎದೆಮಟ್ಟ ನೀರಿನಲ್ಲಿ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒಳಗೆ ಒತ್ತಿ, ಜೋರಾಗಿ ಎಣಿಸುತ್ತಿದ್ದ. ನೀರಿನೊಳಗೆ ಅವನ ಎಣಿಕೆ ದೂರದ ಊರಿನ ಡಂಗುರದ ಹಾಗೆ ಕೇಳುತ್ತಿತ್ತು. ಎಂಟು ಎನ್ನುವಾಗ ನನಗೆ ಪ್ರಪಂಚ ಮುಗಿದಂತಾಗುತ್ತಿತ್ತು, ಒಂಬತ್ತಕ್ಕೆ ಕೈ ಕೊಡವಿಕೊಂಡು ಮೇಲೆ ಬಂದುಬಿಡುತ್ತಿದ್ದೆ. ಎರಡು ಬೇಸಿಗೆ ಪ್ರಯತ್ನಿಸಿದರೂ ಹತ್ತು ನೋಡಲಿಲ್ಲ. "ಇರ್ಲಿ ಬಿಡು ತಮ್ಮಾ, ಒಂಬತ್ತಂದ್ರೂ ಏನ್ ಕಮ್ಮಿ ಅಲ್ಲ" ಎಂದು ಅಪ್ಪ ಟವೆಲಿನಿಂದ ನನ್ನ ತಲೆ ಒರೆಸುತ್ತಿದ್ದ. ಕಮ್ಮಿಯೇ ಎಂದು ಇಬ್ಬರಿಗೂ ಗೊತ್ತಿತ್ತು.

ನನಗೆ ಹದಿನಾರು ತುಂಬಿದ ವರ್ಷ ಒಂದು ಮಧ್ಯಾಹ್ನ ಅಪ್ಪ ಎರಡು ರೊಟ್ಟಿ ಉಂಡು ಹುಣಸೆ ಮರದ ಕೆಳಗೆ ಕಂಬಳಿ ಹಾಸಿಕೊಂಡು ಮಲಗಿದ. ಏಳಲಿಲ್ಲ. ಅಳುತ್ತಿದ್ದ ನನ್ನನ್ನು ಶರಣಪ್ಪ ಮುತ್ಯಾ ತಮ್ಮ ತೊಡೆಯ ಮೇಲೆ ಹಾಕಿಕೊಂಡರು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ; ಅವರು ನಮ್ಮೂರ ಭಜನೆಯ ಹಿರಿಯರು, ಅಪ್ಪನ ಗೆಳೆಯರು. "ಅಳಬ್ಯಾಡ ತಮ್ಮಾ. ನಿಮ್ಮಪ್ಪ ಹಂಗ ಸುಮ್ನ ಹೋಗಿಲ್ಲ. ಉಸರು ಮ್ಯಾಲ ಏರಿಸ್ಕೊಂಡು ಕುಂಭಕದಾಗ ಹೋಗ್ಯಾನ. ಎಲ್ಲಾರಿಗೂ ಸಿಗೋ ಸಾವಲ್ಲ ಇದು" ಎಂದರು. ಕುಂಭಕವೆಂದರೆ ಉಸಿರನ್ನು ಒಳಗೆ ಕಟ್ಟಿ ನಿಲ್ಲಿಸುವ ಯೋಗಿಗಳ ವಿದ್ಯೆ. ಆ ವರ್ಷವೇ ಏಕತಾರಿ ತೆಗೆದುಕೊಂಡು ಸೇಡಂಗೆ ಬಂದ ನಾನು ಆ ಮಾತನ್ನು ಹಿಡಿದುಕೊಂಡೇ ದೊಡ್ಡವನಾದೆ. ಅಪ್ಪ ಇಲ್ಲ ಎನ್ನುವುದಕ್ಕಿಂತ ಅಪ್ಪ ಯೋಗಿ ಎನ್ನುವುದು ಹೊರಲು ಹಗುರವಾಗಿತ್ತು.

ಈಗ ನನ್ನ ಕುಂಭಕದ ಕತೆ. ಐದಾರು ವರ್ಷಗಳ ಹಿಂದೆ, ಮದುವೆಯ ಹಂಗಾಮಿನ ಒಂದು ಸೋಮವಾರ. ಹಗಲೆಲ್ಲ ರವಿಕೆ ಹೊಲಿದು ಬೆನ್ನು ಬಿದ್ದುಹೋಗಿತ್ತು. ಸಂಜೆ ಗುಡಿಯಲ್ಲಿ ಶರಣಪ್ಪ ಮುತ್ಯಾ, ಅಷ್ಟು ಹೊತ್ತಿಗೆ ಅವರೂ ಸೇಡಂಗೆ ಬಂದು ನಮ್ಮ ಓಣಿಯಲ್ಲೇ ನೆಲೆಸಿದ್ದರು, ಒಂದು ಪದವನ್ನು ನಿಧಾನವಾಗಿ ಎಳೆಯುತ್ತಿದ್ದರು. ನಾನು ಕಂಬಕ್ಕೆ ಒರಗಿ ಪೇಟಿ ಒತ್ತುತ್ತಿದ್ದವನು ಹಾಗೇ ನಿದ್ದೆ ಹೋದೆ. ನನ್ನ ಗೊರಕೆಯೆಲ್ಲ ಮೆಹಬೂಬ ಸಾಬನ ತಬಲಾದಲ್ಲಿ ಮುಚ್ಚಿಹೋಯಿತಂತೆ. ಪದ ಮುಗಿಯಿತು, ತಬಲಾ ನಿಂತಿತು, ಅದೇ ಹೊತ್ತಿಗೆ ನನ್ನ ಉಸಿರೂ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ಮೆಹಬೂಬ ಅಲುಗಾಡಿಸಲು ಕೈ ಚಾಚಿದ್ದನಂತೆ.

"ಯಾರೂ ಮುಟ್ಟಬ್ಯಾಡ್ರಿ" ಎಂದರಂತೆ ಮುತ್ಯಾ. "ಉಸರು ಕಟ್ಯಾನ. ಇದು ಕುಂಭಕ ಅದ. ಅವರಪ್ಪ ನೀರಾಗ ಕಟ್ತಿದ್ದ, ಇಂವ ಗಾಳಿಯಾಗ ಕಟ್ಯಾನ."

ಅವರು ಕೊರಳಿನ ಜಪಮಾಲೆ ತೆಗೆದು ಮಣಿ ಎಣಿಸಿದರು. ಇಪ್ಪತ್ತೊಂದನೆಯ ಮಣಿಗೆ ನಾನು ಎಮ್ಮೆ ನೀರಿನಿಂದ ಮೂತಿ ಎತ್ತಿದಂತೆ ಒಂದು ದೊಡ್ಡ ಉಸಿರೆಳೆದು ಕಣ್ಣು ಬಿಟ್ಟೆ. ಗಾಬರಿಯಲ್ಲಿ ಕೈ ಪೇಟಿಯ ಮೇಲೆ ಬಿತ್ತು, ಬಿದ್ದ ಸ್ವರ ಮುಂದಿನ ಪದದ ಸ್ವರವೇ ಆಗಿತ್ತು. ಗುಡಿಯಲ್ಲಿ ಕೂತವರೆಲ್ಲ ಕೈಮುಗಿದರು. ಏನಾಯಿತೆಂದು ನನಗೆ ತಿಳಿಯಲಿಲ್ಲ. ಆದರೆ ಅಷ್ಟು ಜನ ಒಟ್ಟಿಗೆ ಕೈಮುಗಿದಾಗ ಬೇಡವೆನ್ನುವುದು ಶಿಷ್ಟಾಚಾರವಲ್ಲವೆಂದು ನಾನೂ ಗಂಭೀರವಾಗಿ ಮುಗಿದೆ. ನೋಡಿ, ಮೋಸ ಶುರುವಾದದ್ದು ಅಲ್ಲಿಂದ.

ಆಮೇಲೆ ನನ್ನ ದಿನಗಳು ಬೇರೆಯೇ ಆದವು. ಭಜನೆಯ ನಡುವಿನ ಚಹಾ ಮೊದಲು ನನಗೆ ಬರತೊಡಗಿತು. ಹುಟ್ಟಿದ ಮಕ್ಕಳಿಗೆ ಕುಂಚಿಗೆ ಹೊಲಿಸುವುದಾದರೆ ಭೀಮರಾಯಪ್ಪನ ಕೈಯಿಂದಲೇ ಎಂದು ವಾಡಿ, ಚಿತ್ತಾಪುರದಿಂದಲೂ ಬಂದರು. ಬಟ್ಟೆ ತಡವಾದರೆ ಬೈಯುತ್ತಿದ್ದವರು, ಸಾಧನದಾಗ ಇದ್ದಿರಬೇಕು ಬಿಡ್ರಿ ಎಂದು ತಾವೇ ಸಮಾಧಾನ ಮಾಡಿಕೊಂಡು ಹೋಗುತ್ತಿದ್ದರು. ಇಂಥ ಸವಲತ್ತು ಬೇರೆ ಯಾವ ಟೇಲರಿಗೆ ಸಿಕ್ಕಿದೆ ಹೇಳಿ. ಹಗಲೆಲ್ಲ ತೂಕಡಿಸುತ್ತಿದ್ದೆ, ತಲೆ ಭಾರ, ಬಾಯಿ ಒಣ, ಒಮ್ಮೆ ಮಷಿನ್ನಿನ ಮೇಲೆ ನಿದ್ದೆ ಹೋಗಿ ಒಬ್ಬ ಮಾಸ್ತರರ ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದಿದ್ದೆ. ಅದನ್ನೂ ಜನ ವೈರಾಗ್ಯವೆಂದು ತಿಳಿದರು. ಮಾಸ್ತರರು ಮಾತ್ರ ತಿಳಿಯಲಿಲ್ಲ.

ಸತ್ಯ ಹೇಳುತ್ತೇನೆ, ಹೆಸರಿಗಾಗಿಯಷ್ಟೇ ನಾನು ಸುಮ್ಮನಿದ್ದದ್ದಲ್ಲ. ಎಚ್ಚರದಲ್ಲಿ ಒಂಬತ್ತು ದಾಟದವನು ನಿದ್ದೆಯಲ್ಲಿ ಇಪ್ಪತ್ತೊಂದು ದಾಟಿದ್ದೆ. ಕೊನೆಗೂ ಅಪ್ಪನ ಮಗನಾದೆ ಅನ್ನಿಸಿತ್ತು.

ನಮ್ಮ ಮಗಳು ಸುನೀತಾ ಕೋಡ್ಲಾದ ಒಂದು ದವಾಖಾನೆಯಲ್ಲಿ ನರ್ಸು. ರಜೆಗೆ ಬಂದವಳು ಒಂದು ಭಾನುವಾರ ಮಧ್ಯಾಹ್ನ ನಾನು ಮಲಗಿದ್ದನ್ನು ಪಕ್ಕದಲ್ಲಿ ಕೂತು ನೋಡಿದಳಂತೆ. ಎದ್ದಾಗ ಅವಳ ಮುಖ ಬಿಳಿಚಿತ್ತು.

"ಅಪ್ಪಾ, ನಿನ್ನ ಉಸರು ನಿಲ್ಲಾಕತ್ತದ."

"ಹೌದವ್ವಾ, ಕುಂಭಕ" ಎಂದೆ, ಸ್ವಲ್ಪ ವಿನಯದಿಂದಲೇ.

"ಕುಂಭಕನೂ ಇಲ್ಲ ಏನೂ ಇಲ್ಲ. ಇದು ಬ್ಯಾನಿ. ನಿದ್ದ್ಯಾಗ ಸಾಧನಾ ಮಾಡೋರನ್ನ ನಾ ಎಲ್ಲೂ ಕಂಡಿಲ್ಲ."

ಆಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮಲ್ಲಮ್ಮ ಕೈ ನಿಲ್ಲಿಸದೆ ಒಂದು ಮಾತು ಹೇಳಿದಳು. "ಮುತ್ಯಾ ಮಣಿ ಎಣಿಸ್ತಾರ. ನಾ ಬರೇ ಬಾಯಿಲೆ ಎಣಿಸ್ತೀನಿ. ಇಪ್ಪತ್ತ ಆತಂದ್ರ ಮೊಣಕೈಲೆ ತಿವೀತೀನಿ, ಆಗ ಉಸರು ತಗೋತಾರ. ಎಷ್ಟೋ ವರ್ಷ ಆತು ನಾ ಸರಿಯಾಗಿ ಮಕ್ಕೊಂಡು."

ನನ್ನ ಎಡಪಕ್ಕೆಯಲ್ಲಿ ಯಾವಾಗಲೂ ಒಂದು ನೋವಿರುತ್ತಿತ್ತು. ಕೂತು ಹೊಲಿದು ಹೊಲಿದು ಬಂದದ್ದೆಂದು ಅದಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಹಚ್ಚುತ್ತಿದ್ದವಳೂ ಇವಳೇ. ನನಗೆ ನಾಚಿಕೆಯಾಯಿತು.

ಕಲಬುರಗಿಗೆ ಹೋದೆವು. ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿದರು. ತಾಸಿಗೆ ಎಷ್ಟು ಸಲ ಉಸಿರು ನಿಂತಿತೆಂದು ಬೆಳಿಗ್ಗೆ ಕಾಗದದಲ್ಲಿ ಬಂದ ಅಂಕಿ ನೋಡಿ ವೈದ್ಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆ ಅಂಕಿ ಮುತ್ಯಾನಿಗೆ ತೋರಿಸಿದರೆ ಗುಡಿಯಲ್ಲಿ ನನ್ನ ಫೋಟೋ ಹಾಕಿಸುತ್ತಾರೆ ಎಂಬುದೇ ನನ್ನ ಮನಸ್ಸಿಗೆ ಮೊದಲು ಬಂದದ್ದು. ವೈದ್ಯರು ಕೇಳಿದರು, ಮನೆಯಲ್ಲಿ ಯಾರಾದರೂ ನಿದ್ದೆಯಲ್ಲಿ ಹೋದವರಿದ್ದಾರೆಯೇ ಎಂದು. ಇಲ್ಲ ಎಂದುಬಿಟ್ಟೆ. ಸುನೀತಾ ನನ್ನ ಮುಖ ನೋಡಿದಳು. ಹೌದು ಎಂದರೆ ಅಪ್ಪನೂ ರೋಗಿಯಾಗಿಬಿಡುತ್ತಿದ್ದ. ಯೋಗಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಯಂತ್ರ ಮನೆಗೆ ಬಂತು. ಮೊದಲ ದಿನ ಮುಖವಾಡ ಕಟ್ಟಿ ಗುಂಡಿ ಒತ್ತಿದ ಕೂಡಲೇ ಗಾಳಿ ಮೂಗಿನಲ್ಲಿ ನುಗ್ಗಿತು. ವಾಡಿ ದಾಟುವ ಪ್ಯಾಸೆಂಜರ್ ರೈಲಿನ ಬಾಗಿಲಲ್ಲಿ ನಿಂತು ಮುಖ ಹೊರಗೆ ಹಾಕಿದ ಹಾಗಿತ್ತು, ರೈಲು ಮಾತ್ರ ನನ್ನ ಹಾಸಿಗೆಯಲ್ಲೇ ನಿಂತಿತ್ತು. ಏನೋ ಹೇಳಲೆಂದು ಬಾಯಿ ತೆರೆದೆ. ಮೂಗಿನಿಂದ ಹೋದ ಗಾಳಿಯೆಲ್ಲ ಬಾಯಿಂದ ಹೊರಗೆ ಬಂತು, ನಡುವೆ ನನ್ನ ಮಾತು ಹಾರಿಹೋಯಿತು. "ಇದು ಬೇಷ್ ಅದ" ಎಂದಳು ಮಲ್ಲಮ್ಮ. "ಮಾತೂ ಬಂದ್ ಆಗ್ತದ."

ಕಣ್ಣು ಮುಚ್ಚಿದರೆ ಮಾತ್ರ ತಮಾಷೆ ಇರಲಿಲ್ಲ. ಮೂಗು ಮುಚ್ಚಿದೆ, ತಲೆಯ ಮೇಲೆ ಪಟ್ಟಿ ಒತ್ತಿದೆ, ಕಿವಿಯಲ್ಲಿ ನೀರಿನ ಹಾಗೆ ಗುಂಯ್‌ಗುಡುವ ಸದ್ದು. ಥೇಟ್ ಕಾಗಿಣಾದ ಮಡು. ಒಂಬತ್ತು ಎಣಿಸುವುದರೊಳಗೆ ಕಿತ್ತು ಎಸೆಯುತ್ತಿದ್ದೆ. ಕೆಲವು ಸಲ ನಿದ್ದೆಯಲ್ಲೇ ಕಿತ್ತಿರುತ್ತಿದ್ದೆ. ಬೆಳಿಗ್ಗೆ ನೋಡಿದರೆ ಮುಖವಾಡ ಕಾಲ ಬಳಿ ಬಿದ್ದು ಗಾಳಿ ಊದುತ್ತಿತ್ತು, ನಮ್ಮ ಬೆಕ್ಕು ಅದರೆದುರು ಹೊಟ್ಟೆ ಮೇಲೆ ಮಾಡಿ ಸುಖವಾಗಿ ಮಲಗಿರುತ್ತಿತ್ತು. ಸೇಡಂನ ಬೇಸಿಗೆ ನಿಮಗೆ ಗೊತ್ತಿದ್ದರೆ ಬೆಕ್ಕನ್ನು ಬೈಯುವುದಿಲ್ಲ. ಒಂದು ತಿಂಗಳು ಆ ಯಂತ್ರದ ಪೂರ್ಣ ಪ್ರಯೋಜನ ಪಡೆದದ್ದು ಬೆಕ್ಕೇ.

ಎರಡನೆಯ ತೊಂದರೆ ಮೀಸೆ. ಮೀಸೆಯ ಸಂದಿಯಿಂದ ಗಾಳಿ ಸೋರಿ ಪುರ್ ಪುರ್ ಎಂದು ಅಸಭ್ಯ ಸದ್ದು ಮಾಡುತ್ತಿತ್ತು. ಟೇಲರ್ ಬುದ್ಧಿ ಎಲ್ಲಿ ಹೋಗುತ್ತದೆ, ಮುಖವಾಡದ ಅಂಚಿಗೆ ಮೆತ್ತನೆಯ ಅಸ್ತರ್ ಕೊಟ್ಟು, ಒಳಗೆ ಕಾಲರಿಗೆ ಹಾಕುವ ಗಟ್ಟಿ ಬಕ್ರಮ್ ಇಟ್ಟು, ಸುತ್ತ ಬಟ್ಟೆಯ ಪೈಪಿಂಗ್ ಹೊಲಿದೆ. ರವಿಕೆಯ ಕುತ್ತಿಗೆಗಿಂತ ಚೆಂದ ಬಂತು. ಸುನೀತಾ ನೋಡಿ ಒಂದೇ ಎಳೆತಕ್ಕೆ ಕಿತ್ತುಹಾಕಿ ಕತ್ತರಿಯನ್ನು ನನ್ನ ಕೈಗಿಟ್ಟಳು. ಮೂವತ್ತು ವರ್ಷದ ಮೀಸೆ ಹೋಯಿತು. ನಾಲ್ಕು ದಿನ ಬಜಾರಿನಲ್ಲಿ ಬಾಯಿಗೆ ಅಳತೆಯ ಟೇಪು ಅಡ್ಡ ಹಿಡಿದು ತಿರುಗಿದೆ. ಯಾರೂ ಗಮನಿಸಲಿಲ್ಲ. ಅದು ಮೀಸೆ ಹೋದದ್ದಕ್ಕಿಂತ ನೋವಾಯಿತು.

ಯಂತ್ರದಲ್ಲಿ ಒಂದು ಪುಟ್ಟ ನೀರಿನ ಡಬ್ಬಿ ಇರುತ್ತದೆ, ಗಾಳಿ ಒಣಗದಿರಲೆಂದು. ಶುದ್ಧ ನೀರೇ ಹಾಕಬೇಕು. ನಾನು ನಳದ ನೀರು ಹಾಕಿದೆ. ನಮ್ಮ ನೆಲದಡಿಯೆಲ್ಲ ಸುಣ್ಣದ ಕಲ್ಲು. ಶಹಾಬಾದಿನ ಫರಸಿ ಕಲ್ಲಾಗಿ, ಸಿಮೆಂಟಾಗಿ ಊರೂರಿಗೆ ಹೋಗುವುದು ಅದೇ, ಉಳಿದದ್ದು ನಮ್ಮ ನೀರಿನಲ್ಲಿ. ವಾರದಲ್ಲಿ ಡಬ್ಬಿಯ ತಳದಲ್ಲಿ ಬಿಳಿ ಪದರು ಕಟ್ಟಿತು. ಮಲ್ಲಮ್ಮ ಅದನ್ನು ಉಗುರಿನಿಂದ ಕೆರೆದು ನೋಡಿ, ಎಲೆ ಅಡಿಕೆಗೆ ಇನ್ನು ಸುಣ್ಣ ತರುವುದು ಬೇಡವೆಂದಳು.

ಎಚ್ಚರವಿದ್ದಾಗ ದಿನಕ್ಕೊಂದು ತಾಸು ಹಾಕಿಕೊಂಡು ಕೂತು ರೂಢಿ ಮಾಡಿಕೋ ಎಂದು ಸುನೀತಾ ಹೇಳಿದ್ದಳು. ಮಧ್ಯಾಹ್ನ ಗಿರಾಕಿ ಕಡಿಮೆ, ಅಂಗಡಿಯಲ್ಲೇ ಹಾಕಿಕೊಂಡು ಹೊಲಿಯತೊಡಗಿದೆ. ಒಂದು ಯಂತ್ರ ಕಾಲಲ್ಲಿ, ಒಂದು ಮೂಗಲ್ಲಿ. ಒಂದು ದಿನ ಭಂಕೂರದ ಕಲ್ಲು ಪಾಲಿಶ್ ಕೆಲಸದ ಒಬ್ಬಾತ ಅಂಗಿ ಹೊಲಿಸಲು ಬಂದವನು ಬಾಗಿಲಲ್ಲೇ ನಿಂತ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಧೂಳಿಗಿ ಹಾಕ್ಕೊಂಡೀರೇನ್ರಿ? ಸರಕಾರದಿಂದ ಬಂದಾವೇನು?"

ಬಾಯಿ ತೆರೆಯುವಂತಿಲ್ಲ. ತಲೆ ಆಡಿಸಿದೆ. ಅಡ್ಡ ಆಡಿಸಿದೆನೋ ಉದ್ದ ಆಡಿಸಿದೆನೋ, ಪೈಪು ಎಳೆಯುತ್ತಿದ್ದರಿಂದ ನನಗೂ ಖಾತ್ರಿಯಿಲ್ಲ. ಮರುದಿನ ಅಂಗಡಿ ಮುಂದೆ ಏಳು ಜನ ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ನಿಂತಿದ್ದರು. ಬಂದ ತಪ್ಪಿಗೆ ಇಬ್ಬರು ಅಂಗಿಯ ಅಳತೆ ಕೊಟ್ಟುಹೋದರು.

ಮೂರನೆಯ ತಿಂಗಳು ಒಂದು ಬೆಳಿಗ್ಗೆ ಎದ್ದಾಗ ಮುಖವಾಡ ಮುಖದ ಮೇಲೇ ಇತ್ತು. ಹೊರಗೆ ಗುಬ್ಬಿಗಳ ಸದ್ದು. ತಲೆ ಹಗುರವಾಗಿತ್ತು. ಬೆಳಗು ಹೀಗಿರುತ್ತದೆಂದು ಮರೆತೇಹೋಗಿತ್ತು. ಪಕ್ಕದಲ್ಲಿ ಮಲ್ಲಮ್ಮ ಇನ್ನೂ ಮಲಗಿದ್ದಳು. ಮದುವೆಯಾದಾಗಿನಿಂದ ನನಗಿಂತ ತಡವಾಗಿ ಎದ್ದದ್ದು ಅಂದೇ ಮೊದಲು. ಚಹಾ ನಾನೇ ಮಾಡಿದೆ, ಚೆನ್ನಾಗಿರಲಿಲ್ಲ. ಆ ವಾರ ಒಬ್ಬ ಹೆಣ್ಣುಮಗಳ ರವಿಕೆಯನ್ನು ಹೇಳಿದ ದಿನಕ್ಕೇ ಕೊಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೇರೆಯವರದ್ದು ಕೊಟ್ಟೀರೇನು ಎಂದು ಕೇಳಿದಳು.

ಆದರೆ ಭಜನೆಯಲ್ಲಿ ನಿದ್ದೆ ಬರುವುದು ನಿಂತುಹೋಯಿತು. ಎಲ್ಲರೂ ನನ್ನ ಕಡೆ ಆಸೆಯಿಂದ ನೋಡುತ್ತಾರೆ, ನಾನು ಕಣ್ಣು ಪಿಳಿಪಿಳಿ ಬಿಡುತ್ತಾ ಪೇಟಿ ಒತ್ತುತ್ತಿದ್ದೇನೆ. "ಸಾಧನಾ ಜರಾ ಕಮ್ಮಿ ಆಗ್ಯಾದ ಅನಿಸ್ತದ" ಎಂದು ಯಾರೋ ಅಂದರು. ಯಂತ್ರದ ವಿಷಯ ಭಜನೆಯವರಿಗೆ ನಾನು ಹೇಳಿರಲಿಲ್ಲ, ಅವರು ಮನೆಗೆ ಬಂದರೆ ಪೈಪಿನ ಮೇಲೆ ಟವೆಲು ಹೊದಿಸುತ್ತಿದ್ದೆ. ಹೇಳಿದರೆ ನನ್ನ ಕುಂಭಕವಷ್ಟೇ ಹೋಗುವುದಲ್ಲ, ಹುಣಸೆ ಮರದ ಕೆಳಗಿನದ್ದೂ ಹೋಗುತ್ತದೆ.

ಅಷ್ಟರಲ್ಲಿ ಆಡಕಿಯಿಂದ ಕರೆ ಬಂತು. ಅಲ್ಲಿನ ಬಸಣ್ಣ ಸಾವುಕಾರರ ಮನೆಯಲ್ಲಿ ಶ್ರಾವಣ ಸೋಮವಾರ ಹಗಲು ಭಜನೆ, ಪ್ರಸಾದ, ಪ್ರಸಾದದ ನಂತರ ಭೀಮರಾಯಪ್ಪನವರ ಕುಂಭಕ ನೋಡಲು ಊರವರೆಲ್ಲ ಕಾದಿದ್ದಾರಂತೆ. ಮುತ್ಯಾ ಒಪ್ಪಿಬಿಟ್ಟಿದ್ದರು. ಸುನೀತಾಳ ಕಟ್ಟಪ್ಪಣೆ ಮಾತ್ರ ಬೇರೆ ಇತ್ತು: ಮುಖವಾಡ ಇಲ್ಲದೆ ಹಗಲು ನಿದ್ದೆಯೂ ಇಲ್ಲ. ಯಂತ್ರ ಒಯ್ಯಲೋ ಬೇಡವೋ ಎಂದು ನಾನು ಬೆಳಿಗ್ಗೆಯಿಂದ ಬಾಗಿಲಿಗೂ ಗೂಟಕ್ಕೂ ತಿರುಗುತ್ತಿದ್ದೆ. ಮಲ್ಲಮ್ಮ ಅದನ್ನು ಚೀಲಕ್ಕೆ ತುಂಬಿ ಬಾಗಿಲಿಗೆ ಬಂದಿದ್ದ ಟಂಟಂ ಆಟೋದಲ್ಲಿ ಪೇಟಿಯ ಪಕ್ಕ ಇಟ್ಟು, ನನ್ನ ಕಡೆ ನೋಡದೆ ಒಳಗೆ ಹೋದಳು.

"ಹೊಸಾ ಬಾಜಾ ತಂದೀಯೇನ್ ಭೀಮಣ್ಣಾ?" ಎಂದು ಮೆಹಬೂಬ ದಾರಿಯುದ್ದಕ್ಕೂ ಚೀಲ ಒತ್ತಿ ಒತ್ತಿ ನೋಡಿದ. ನಾನು ತೊಗರಿಯ ಹೊಲ ನೋಡುತ್ತಾ ಕೂತೆ.

ಭಜನೆ ಚೆನ್ನಾಗಿಯೇ ಆಯಿತು. ಆಮೇಲೆ ತೊಗರಿ ಬೇಳೆಯ ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು. ಬೇಡವೆಂದಷ್ಟೂ ಬಡಿಸಿದರು. ಐದನೆಯ ಹೋಳಿಗೆಗೆ ನನ್ನ ರೆಪ್ಪೆಗಳು ಜೋಲತೊಡಗಿದವು. ಎದ್ದು ಕೈತೊಳೆದು ಬರುವುದರೊಳಗೆ ಪಡಸಾಲೆಯ ನಡುವೆ ಜಮಖಾನೆ ಹಾಸಿ ತಲೆದಿಂಬು ಇಟ್ಟಿದ್ದರು. ಸುತ್ತಲೂ ಮೂವತ್ತು ಮಂದಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುತ್ಯಾ ತಲೆಯ ಬಳಿ ಜಪಮಾಲೆ ಹಿಡಿದು ಕೂತಿದ್ದರು.

"ಮಕ್ಕೋರಿ ಅಪ್ಪಾರ" ಎಂದರು ಬಸಣ್ಣ ಸಾವುಕಾರರು, ಭಕ್ತಿಯಿಂದ.

ನಿದ್ದೆ ಎಳೆಯುತ್ತಿತ್ತು. ಹಾಗೇ ಮಲಗಿಬಿಟ್ಟರೆ ಹೆಸರು ಉಳಿಯುತ್ತದೆ. ಒಂದು ಮಧ್ಯಾಹ್ನಕ್ಕೆ ಏನಾಗುತ್ತದೆ ಎಂದುಕೊಂಡೆ. ಅಪ್ಪ ಮಲಗಿದ್ದೂ ಒಂದು ಮಧ್ಯಾಹ್ನವೇ, ಉಂಡು, ಹೀಗೇ. ಆ ಕಂಬಳಿ ಕಣ್ಣಿಗೆ ಬಂತು. ನನಗೆ ಹೆದರಿಕೆಯಾಯಿತು. ಯೋಗಿಗೆ ಹೆದರಿಕೆ ಎಲ್ಲಿಂದ ಬರಬೇಕು, ಅಲ್ಲಿಗೆ ತೀರ್ಮಾನವಾಯಿತು.

"ಮುತ್ಯಾ, ಸಾವುಕಾರ್ರ, ಒಂದು ಮಾತು" ಎಂದೆ. "ನನಗ ಕುಂಭಕ ಬರಂಗಿಲ್ಲ. ಎಚ್ಚರಿದ್ದಾಗ ಒಂಬತ್ತರ ಮ್ಯಾಲ ಉಸರು ಹಿಡೀಲಿಕ್ಕೆ ನನ್ನಿಂದ ಆಗಂಗಿಲ್ಲ. ಇದು ಬ್ಯಾನಿ ಅದರಿ. ಇಷ್ಟ ದಿನ ನಾ ಹೇಳಲಿಲ್ಲ, ತಪ್ಪಾತು."

ಚೀಲದಿಂದ ಪೆಟ್ಟಿಗೆ, ಪೈಪು, ಮುಖವಾಡ ಒಂದೊಂದಾಗಿ ತೆಗೆದೆ. ಪ್ಲಗ್ಗಿಗೆ ಜಾಗವಿರಲಿಲ್ಲ, ಯಾರೋ ಮೈಕಿನ ಪ್ಲಗ್ಗು ಕಿತ್ತು ಕೊಟ್ಟರು. ಮೆಹಬೂಬ ಗಾಳಿಗೆ ಅಂಗೈ ಹಿಡಿದು ನೋಡಿ, "ಇದನ್ನ ಪೇಟಿಗಿ ಹಚ್ಚಿದ್ರ ಕೈಲೆ ಒತ್ತೋದೇ ಬ್ಯಾಡಲ್ಲ" ಎಂದ. ನಾನು ಮುಖವಾಡ ಕಟ್ಟಿ ಮಲಗಿದೆ. ಅಷ್ಟು ಜನರೆದುರು ಮರ್ಯಾದೆ ಕಳೆದುಕೊಂಡ ಮೇಲೆ ನಿದ್ದೆ ಬರಲಾರದು ಎಂದುಕೊಂಡಿದ್ದೆ. ಹೋಳಿಗೆ ಹಾಗೆ ಅಂದುಕೊಂಡಿರಲಿಲ್ಲ.

ಎಚ್ಚರವಾದಾಗ ಬಿಸಿಲು ಬಾಗಿಲಿನಿಂದ ಅರ್ಧ ಪಡಸಾಲೆಗೆ ಬಂದಿತ್ತು. ಜನ ಕರಗಿದ್ದರು. ಮುತ್ಯಾ ಕೂತಲ್ಲೇ ಕೂತಿದ್ದರು, ಬೆರಳಲ್ಲಿ ಮಣಿ ಓಡುತ್ತಿತ್ತು.

"ಇವತ್ತ ನಿಲ್ಲಲೇ ಇಲ್ಲ" ಎಂದರು. "ಒಂದು ಉಸರಿಗಿ ಒಂದು ಮಣಿ. ನೂರಾ ಎಂಟು ಮುಗಿದು ಎಷ್ಟು ಸುತ್ತು ಆತೋ, ಎಣಿಕಿ ತಪ್ತು."

ನಾನು ಮಲಗಿದಲ್ಲೇ ಅವರನ್ನು ನೋಡಿದೆ.

"ಆ ದಿನ ಹುಣಸಿ ಗಿಡದ ಕೆಳಗ ನಿಮ್ಮಪ್ಪನ ಬಾಜೂಕ ನಾನೇ ಕುಂತಿದ್ದೆ ತಮ್ಮಾ. ಉಸರು ನಿಂತಿದ್ದು ನೋಡೀನಿ. ಈಗ ತಗೋತಾನ, ಈಗ ತಗೋತಾನ ಅಂತ ಮಣಿ ಎಣಿಸ್ಕೋತ ಕುಂತೆ. ಎಬ್ಬಿಸಬೇಕಂತ ತಿಳೀಲಿಲ್ಲ ನನಗ. ಹದಿನಾರು ವರ್ಷದ ಹುಡುಗಗ ಮತ್ತೇನ ಹೇಳ್ಲಿ? ಕುಂಭಕ ಅಂದೆ. ಆಮ್ಯಾಲ ನಾನೂ ಅದನ್ನೇ ನಂಬಿದೆ. ಗುಡಿಯಾಗ ನೀ ಹಂಗ ಮಾಡಿದಾಗ ಮಣಿ ಎಣಿಸಿದ್ದು ಭಕ್ತಿಲಿಂದ ಅಂತ ಜನ ತಿಳದ್ರು. ನಾ ಎಣಿಸಿದ್ದು ಅಂಜಿಕಿಲಿಂದ."

ಮುಖವಾಡದೊಳಗೆ ಅತ್ತರೆ ಮೂಗಿನ ನೀರು ಎಲ್ಲಿಗೆ ಹೋಗಬೇಕೆಂದು ಯಂತ್ರದ ಪುಸ್ತಕದಲ್ಲಿ ಬರೆದಿಲ್ಲ. ಎಲ್ಲಿಗೂ ಹೋಗುವುದಿಲ್ಲ, ಪುರ್ ಪುರ್ ಎಂದು ಅಲ್ಲೇ ಗುಳ್ಳೆ ಏಳುತ್ತದೆ. ಮುತ್ಯಾ ತಮ್ಮ ಟವೆಲಿನಿಂದ ನನ್ನ ಮುಖ ಒರೆಸಿದರು. ಅಪ್ಪನ ಮೇಲೆ ನನಗೆ ಪ್ರೀತಿ ಕಡಿಮೆಯಾಗಲಿಲ್ಲ. ಯೋಗಿಯಾಗಿದ್ದಾಗ ಅವನಿಗಾಗಿ ಅಳಲು ಅವಕಾಶವೇ ಇರಲಿಲ್ಲ, ಈಗ ಸಿಕ್ಕಿತು.

ಎದ್ದು ಕೂತು ನೋಡಿದರೆ ಅಂಗಳದಲ್ಲಿ ಒಂದು ಸಾಲು. ಎಲ್ಲ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಬ್ಬೊಬ್ಬ ಗಂಡ. ಎಲ್ಲರಿಗಿಂತ ಮುಂದೆ ಸಾವುಕಾರರ ಹೆಂಡತಿ, ಬಸಣ್ಣನವರ ತೋಳು ಹಿಡಿದು ನಿಂತಿದ್ದರು.

"ನಮ್ಮವರದೂ ಇಂಥದೇ ಅದರಿ" ಎಂದರು ಆಕೆ. "ಇವರದು ನಿಂತಾಗ ನಾ ಕಾಲಿಲೆ ಒದೀತೀನಿ. ಇವರನ್ನ ಯಾವ ದವಾಖಾನಿಗಿ ಕರಕೊಂಡು ಹೋಗಬೇಕು, ಅದಷ್ಟು ಹೇಳ್ರಿ."

ಬಸಣ್ಣ ಸಾವುಕಾರರು ನೆಲ ನೋಡುತ್ತಿದ್ದರು. ಸುನೀತಾಳ ಫೋನ್ ನಂಬರನ್ನು ನಾಲ್ಕು ಅಂಗೈಗಳ ಮೇಲೆ, ಒಂದು ಬೀಡಿ ಕಟ್ಟಿನ ಮೇಲೆ ಬರೆದುಕೊಟ್ಟೆ. ಮೀಸೆಯಿದ್ದವರಿಗೆಲ್ಲ ಮೊದಲೇ ಎಚ್ಚರಿಕೆ ಹೇಳಿದೆ. ಇಬ್ಬರು ಅಲ್ಲಿಂದಲೇ ಹಿಂದೆ ಸರಿದರು, ಅವರ ಹೆಂಡಿರು ಮತ್ತೆ ಮುಂದಕ್ಕೆ ಎಳೆದುಕೊಂಡು ಬಂದರು.

ಮನೆಗೆ ಬಂದಾಗ ಮಲ್ಲಮ್ಮ ಹೊಸ್ತಿಲಲ್ಲಿ ಕೂತು ಮೆಂತ್ಯ ಸೋಸುತ್ತಿದ್ದಳು. ಚೀಲ ನೋಡಿದಳು, ಆಮೇಲೆ ನನ್ನನ್ನು. "ಹೆಸರು ಹೋಯ್ತೇನ್ರಿ?"

"ಹೋಯ್ತು."

"ಹೋಗ್ಲಿ ಬಿಡ್ರಿ. ಕೈಕಾಲ್ ತೊಳ್ಕೋರಿ, ಚಹಾ ಮಾಡ್ತೀನಿ."

ಅಂದಿನಿಂದ ಪೈಪಿನ ಮೇಲೆ ಟವೆಲು ಇಲ್ಲ. ಏಕತಾರಿಯ ಪಕ್ಕ ಬಿಚ್ಚಾಗಿಯೇ ತೂಗುತ್ತದೆ. ಸೋಮವಾರದ ಚಹಾ ಈಗ ಕೊನೆಗೆ ಬರುತ್ತದೆ, ಆರಿರುತ್ತದೆ. ಬಟ್ಟೆ ತಡವಾದರೆ ಜನ ಮತ್ತೆ ಮೊದಲಿನ ಹಾಗೆ ಬೈಯುತ್ತಾರೆ.

ಮಲ್ಲಮ್ಮ ಈಗ ನನಗಿಂತ ಮೊದಲು ನಿದ್ದೆ ಹೋಗುತ್ತಾಳೆ. ಎಷ್ಟೋ ವರ್ಷಗಳ ಬಾಕಿ, ತಲೆ ದಿಂಬಿಗೆ ತಾಗುವುದೇ ತಡ. ಸಣ್ಣಗೆ ಗೊರಕೆಯೂ ಹೊಡೆಯುತ್ತಾಳೆ, ನಾನಿನ್ನೂ ಹೇಳಿಲ್ಲ. ಮುಖವಾಡ ಕಟ್ಟಿಕೊಂಡು ಅವಳ ಕಡೆ ಹೊರಳಿ ಅವಳ ಉಸಿರು ಎಣಿಸುತ್ತೇನೆ, ಮೆಲ್ಲಗೆ, ಬಾಯಿ ತೆರೆಯದೆ. ಎಲ್ಲೂ ನಿಲ್ಲುವುದಿಲ್ಲ. ಒಂದು, ಎರಡು, ಮೂರು. ಒಂಬತ್ತರವರೆಗೆ ಎಣಿಸಿದ್ದಷ್ಟೇ ಬೆಳಿಗ್ಗೆ ನೆನಪಿರುತ್ತದೆ.